ತೋಟಾದ ಕತ್ತು ತೆಳುವಾದರೆ ಸಾಲದು, ಸಮವಾಗಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಬೆಂಚ್‌ರೆಸ್ಟ್ ರೈಫಲ್ ಶೂಟಿಂಗ್ ಬಗ್ಗೆ ಬಂದ ಬರಹ ಓದಿದೆವು. ಕ್ರಿಕೆಟ್ ಬಿಟ್ಟು ಬೇರೊಂದು ಆಟಕ್ಕೆ ಅರ್ಧ ಪುಟ ಸಿಕ್ಕಿದ್ದೇ ಸಂತೋಷ. ಆದರೆ ಆ ಬರಹದಲ್ಲಿ, ‘ಕೇಸಿನ ಕತ್ತನ್ನು ಲೇತಿನ ಚಕ್ಕಿಗೆ ಕಚ್ಚಿಸಿ 0.0085 ಮಿ.ಮೀ. ದಪ್ಪಕ್ಕೆ ಇಳಿಸುತ್ತಾರೆ, ತೆಳುವಾದಷ್ಟೂ ಗುರಿ ನಿಖರ’ ಎಂಬ ಅರ್ಥದ ಸಾಲೊಂದಿದೆ. ಕೇಸು ಎಂದರೆ ತೋಟಾದ ಹಿತ್ತಾಳೆ ಕೊಳವೆ; ಗುಂಡನ್ನು ಕಚ್ಚಿ ಹಿಡಿಯುವ ಅದರ ಕಿರಿದಾದ ತುದಿಯೇ ಕತ್ತು, ಕತ್ತಿನ ಬುಡದ ಇಳಿಜಾರು ಭುಜ. ಚಕ್ಕು ಎಂದರೆ ಲೇತಿನಲ್ಲಿ ಕೆಲಸದ ತುಂಡನ್ನು ಹಿಡಿದು ತಿರುಗಿಸುವ ಭಾಗ. ಆ ಒಂದೇ ಸಾಲಿನಲ್ಲಿ ಮೂರು ತಪ್ಪು. ಕಲಬುರಗಿಯಲ್ಲಿ ಹುಡುಗರಿಗೆ ಲೇತ್ ಕೆಲಸ, ಅಳತೆ ಕಲಿಸುವ ನಾವು ಇದನ್ನು ಬಿಟ್ಟುಬಿಡುವ ಹಾಗಿಲ್ಲ. ಪತ್ರಿಕೆಯಲ್ಲಿ ಬಂದ ಅಂಕಿಯನ್ನು ಹುಡುಗರು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ.

ಮೊದಲು ಅಂಕಿ. ಅದು ಮಿಲಿಮೀಟರ್ ಅಲ್ಲ, ಇಂಚು. 0.0085 ಇಂಚು ಎಂದರೆ 0.216 ಮಿ.ಮೀ. ಬರಹದಲ್ಲಿದ್ದಂತೆ 0.0085 ಮಿ.ಮೀ. ಎಂದರೆ ಎಂಟೂವರೆ ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್). ಅದು ರೊಟ್ಟಿ ಸುತ್ತುವ ಫಾಯಿಲ್‌ನ ಲೆಕ್ಕಾಚಾರವಾಯಿತೇ ಹೊರತು ಹಿತ್ತಾಳೆ ಕತ್ತಿನದಲ್ಲ. ಈ ಆಟದ ಅಳತೆಗಳೆಲ್ಲ ಅಮೆರಿಕದಿಂದ ಬಂದವು, ಹೀಗಾಗಿ ಇಂಚಿನಲ್ಲೇ ಓಡಾಡುತ್ತವೆ. ಅನುವಾದಿಸುವವರು 25.4ರಿಂದ ಗುಣಿಸದೆ ಬರೀ ಮುಂದಿನ ಮಾತನ್ನು ಬದಲಿಸಿದರೆ ಇಂಥ ಎಡವಟ್ಟಾಗುತ್ತದೆ. ತಿದ್ದುಪಡಿ ಹಾಕುವಿರಾದರೆ ಎರಡೂ ಅಳತೆಯನ್ನು ಅಕ್ಕಪಕ್ಕ ಕೊಡಿ. ನಾವೂ ಇಲ್ಲಿ ಹಾಗೆಯೇ ಕೊಡುತ್ತಿದ್ದೇವೆ.

ಆಟದ ಪರಿಚಯ ನಿಮ್ಮ ಬರಹದಲ್ಲಿ ಚೆನ್ನಾಗಿಯೇ ಇತ್ತು. ಕಾಂಕ್ರೀಟ್ ಬೆಂಚಿನ ಮೇಲೆ ಮುಂದೊಂದು ರೆಸ್ಟ್, ಹಿಂದೊಂದು ಮರಳಿನ ಚೀಲ, ಅದರ ಮೇಲೆ ರೈಫಲ್. 100 ಅಥವಾ 200 ಗಜದಾಚೆಯ ಕಾಗದಕ್ಕೆ ಐದು ಗುಂಡು. ಒಂದರಿಂದೊಂದು ಅತಿ ದೂರ ಬಿದ್ದ ಎರಡು ಗುಂಡುಗಳ ನಡುಬಿಂದುಗಳ ಅಂತರವೇ ಅಂಕ. ಇಲ್ಲಿ ಒಂದು ಮಾತು ಸೇರಿಸಬೇಕು. ಕಾಗದದ ಮೇಲಿನ ತೂತಿನ ಹೊರ ಅಂಚಿನಿಂದ ಹೊರ ಅಂಚಿಗೆ ಅಳೆದು, ಅದರಲ್ಲಿ ಗುಂಡಿನ ವ್ಯಾಸ ಕಳೆಯುತ್ತಾರೆ. ಆದ್ದರಿಂದಲೇ ಅಂಕ ಗುಂಡಿಗಿಂತ ಚಿಕ್ಕದಾಗಲು ಸಾಧ್ಯ. 100 ಗಜದಲ್ಲಿ, ಅಂದರೆ 91.44 ಮೀಟರಿನಲ್ಲಿ, ಮ್ಯಾಕ್ ಮೆಕ್‌ಮಿಲನ್ 1973ರಲ್ಲಿ ಮಾಡಿದ ಐದು ಗುಂಡಿನ ದಾಖಲೆ 0.009 ಇಂಚು. ಅದು 40 ವರ್ಷ ನಿಂತಿತು. 2013ರಲ್ಲಿ ಮೈಕ್ ಸ್ಟಿನೆಟ್ ಅದನ್ನು 0.0077 ಇಂಚಿಗೆ, ಅಂದರೆ 0.196 ಮಿ.ಮೀ.ಗೆ ಇಳಿಸಿದರು. ಈ ಆಟದಲ್ಲಿ ಟರ್ನ್ ಮಾಡಿದ, ಅಂದರೆ ತಿರುಗಿಸಿ ಹೊರಮೈ ಹೆರೆದ, ಕತ್ತಿನ ಗೋಡೆ 0.216 ಮಿ.ಮೀ. ಎಂದೆವಲ್ಲ, ಆ ಐದು ಗುಂಡುಗಳ ಹರಡು ಅಷ್ಟೂ ಇಲ್ಲ! ಗಾಳಿ ಓದುವುದು, ಬ್ಯಾರಲ್, ಗುಂಡಿನ ಗುಣಮಟ್ಟ ಇವೇ ಅಲ್ಲಿ ದೊಡ್ಡ ಬಾಬತ್ತುಗಳು. ಕತ್ತಿನ ಕೆಲಸ ಸಣ್ಣದು. ಆದರೆ ಉಳಿದುದೆಲ್ಲ ಸರಿಯಾದ ಮೇಲೆ ಇದೊಂದನ್ನು ಬಿಟ್ಟವರು ಹಿಂದೆ ಬೀಳುತ್ತಾರೆ.

ಇನ್ನೊಂದು ಗೊಂದಲವನ್ನೂ ಬಿಡಿಸಬೇಕು. ನಮ್ಮ ಹುಡುಗರು ಟಿ.ವಿ.ಯಲ್ಲಿ ನೋಡುವ ಒಲಿಂಪಿಕ್ ಶೂಟಿಂಗಿಗೂ ಇದಕ್ಕೂ ಸಂಬಂಧ ಕಡಿಮೆ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು 10 ಮೀಟರ್ ಏರ್ ರೈಫಲ್‌ನಲ್ಲಿ. ಅಲ್ಲಿ ಕೇಸೇ ಇಲ್ಲ, ಗಾಳಿಯ ಒತ್ತಡಕ್ಕೆ ಸೀಸದ ಪೆಲೆಟ್ ಹೋಗುತ್ತದೆ. 2024ರಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದದ್ದು 50 ಮೀಟರ್ ತ್ರೀ ಪೊಸಿಶನ್‌ನಲ್ಲಿ, ಅಲ್ಲಿ ಬುಡದ ಅಂಚಿಗೆ ಹೊಡೆತ ಬಿದ್ದು ಹೊತ್ತುವ .22 ರಿಮ್‌ಫೈರ್ ತೋಟಾ. ಆ ತೋಟಾದಲ್ಲಿ ಗುಂಡಿನ ಹೊರಮೈಯೂ ಕೇಸಿನ ಹೊರಮೈಯೂ ಹೆಚ್ಚುಕಡಿಮೆ ಒಂದೇ ಅಳತೆ, ಗುಂಡಿನ ಹಿಮ್ಮಡಿ ಮಾತ್ರ ಸಣ್ಣದಾಗಿ ಒಳಗೆ ಕೂರುತ್ತದೆ. ಕತ್ತು, ಭುಜ ಎಂಬ ಆಕಾರವೇ ಅದಕ್ಕಿಲ್ಲ. ಕಾರ್ಖಾನೆಯಿಂದ ಬಂದಂತೆಯೇ ಹಾರಿಸಬೇಕು. ಕತ್ತು ಟರ್ನ್ ಮಾಡುವ ಮಾತು ಬರುವುದು ಬುಡದ ನಡುವಿಗೆ ಹೊಡೆತ ಬಿದ್ದು ಹೊತ್ತುವ ಸೆಂಟರ್‌ಫೈರ್ ತೋಟಾಗಳಿಗೆ, ಅದರಲ್ಲೂ ಬಿಗಿ ಚೇಂಬರ್ (ಬ್ಯಾರಲ್ಲಿನಲ್ಲಿ ತೋಟಾ ಕೂರುವ ಗೂಡು) ಕೊರೆಸಿದ ಬೆಂಚ್‌ರೆಸ್ಟ್ ರೈಫಲ್‌ಗಳಿಗೆ ಮಾತ್ರ.

ಆ ಆಟದ ಹೆಸರುವಾಸಿ ತೋಟಾ 6 ಪಿಪಿಸಿ. ರಕ್ತನಾಳಗಳ ಶಸ್ತ್ರಚಿಕಿತ್ಸಕ ಡಾ. ಲೂಯಿ ಪಾಲ್ಮಿಸಾನೊ ಮತ್ತು ಫೆರಿಸ್ ಪಿಂಡೆಲ್ ಇಬ್ಬರೂ ಸೇರಿ 1970ರ ದಶಕದ ಮಧ್ಯದಲ್ಲಿ .220 ರಷ್ಯನ್ ಎಂಬ ಕೇಸಿನಿಂದ ಇದನ್ನು ರೂಪಿಸಿದರು. ಲೆಕ್ಕ ಹೀಗೆ: ಗುಂಡಿನ ವ್ಯಾಸ 0.243 ಇಂಚು (6.17 ಮಿ.ಮೀ.). ಬಿಗಿ ಚೇಂಬರಿನಲ್ಲಿ ಕತ್ತು ಕೂರುವ ಜಾಗದ ವ್ಯಾಸ ವಾಡಿಕೆಯಲ್ಲಿ 0.262 ಇಂಚು (6.65 ಮಿ.ಮೀ.). ಗುಂಡು ಕೂರಿಸಿದ ಮೇಲೆ ಕತ್ತಿನ ಹೊರವ್ಯಾಸ 0.260 ಇಂಚು ಇರಲಿ ಎಂದುಕೊಂಡರೆ, 0.260ರಲ್ಲಿ 0.243 ಕಳೆದು ಎರಡರಿಂದ ಭಾಗಿಸಿ: ಗೋಡೆ 0.0085 ಇಂಚು. ನಿಮ್ಮ ಬರಹದ ಅಂಕಿ ಹುಟ್ಟಿದ್ದು ಇಲ್ಲಿಂದ. ಚೇಂಬರಿಗೂ ಕತ್ತಿಗೂ ನಡುವೆ ಒಟ್ಟು 0.002 ಇಂಚು, ಅಂದರೆ ಸುತ್ತಲೂ 0.025 ಮಿ.ಮೀ. ಜಾಗ ಉಳಿಯುತ್ತದೆ. ಇನ್ನೂ ಬಿಗಿ ಬೇಕೆನ್ನುವವರು 0.0015 ಇಂಚು ಇಟ್ಟುಕೊಳ್ಳುತ್ತಾರೆ. ಗಮನಿಸಿ, 0.0085 ಎಂಬುದು ಎಲ್ಲ ರೈಫಲ್ಲಿಗೂ ಹೊಂದುವ ಅಂಕಿಯಲ್ಲ. ಅದು ಆ ಚೇಂಬರಿಗೆ, ಆ ಗುಂಡಿಗೆ ಬಂದ ಉತ್ತರ. ಗುಂಡು ಅಳೆದಾಗ 0.2432 ಬಂದರೆ ಉತ್ತರವೂ ಅಷ್ಟಕ್ಕಷ್ಟು ಸರಿಯುತ್ತದೆ.

ತೆಳುವಾದಷ್ಟೂ ಒಳ್ಳೆಯದು ಎಂಬ ಮಾತು ಇಲ್ಲಿಗೇ ಬಿದ್ದುಹೋಗುತ್ತದೆ. ಕತ್ತು ಅಗತ್ಯಕ್ಕಿಂತ ತೆಳುವಾದರೆ ಚೇಂಬರಿನಲ್ಲಿ ಸಡಿಲವಾಗಿ ಕೂರುತ್ತದೆ. ಹಾರಿಸಿದಾಗ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಮತ್ತೆ ಬಳಸಲು ಡೈ ಎಂಬ ಅಚ್ಚಿನಲ್ಲಿ ಹೆಚ್ಚು ಕುಗ್ಗಿಸಬೇಕಾಗುತ್ತದೆ. ಹಿಗ್ಗಿ ಕುಗ್ಗಿ ಹಿತ್ತಾಳೆ ಗಡುಸಾಗುತ್ತದೆ, ಕೆಲವೇ ಸುತ್ತಿಗೆ ಉದ್ದಕ್ಕೆ ಸೀಳುತ್ತದೆ. ಸಾಧಾರಣ ಕಾರ್ಖಾನೆ ಚೇಂಬರಿನಲ್ಲಿ ಮೊದಲೇ ಬೇಕಾದಷ್ಟು ಜಾಗ ಇರುತ್ತದೆ. ಅಂಥ ರೈಫಲ್ಲಿನ ಕೇಸನ್ನು ಪೂರ್ತಿ ಟರ್ನ್ ಮಾಡಿದರೆ ಲಾಭಕ್ಕಿಂತ ನಷ್ಟ. ಬೇಕಿದ್ದರೆ ದಪ್ಪ ಇರುವ ಬದಿ ಮಾತ್ರ ಟೂಲಿಗೆ ತಾಗುವಷ್ಟು ಸವರಿ ಬಿಡುವುದು ಸಾಕು.

ಹಾಗಾದರೆ ಟರ್ನ್ ಮಾಡುವುದು ಯಾಕೆ? ಸುತ್ತಲೂ ಒಂದೇ ದಪ್ಪ ಇರಲಿ ಎಂದು. ಕೇಸನ್ನು 70 ಪಾಲು ತಾಮ್ರ, 30 ಪಾಲು ಸತುವಿನ ಹಿತ್ತಾಳೆಯನ್ನು ಹಂತಹಂತವಾಗಿ ಒತ್ತಿ, ಎಳೆದು ಮಾಡುತ್ತಾರೆ. ಪಂಚು ಕೂದಲೆಳೆಯಷ್ಟು ಬದಿಗೆ ಸರಿದರೂ ಒಂದು ಬದಿ ದಪ್ಪ, ಎದುರು ಬದಿ ತೆಳು. ಒಂದು ಬದಿ ಇನ್ನೊಂದಕ್ಕಿಂತ 0.002 ಇಂಚು ದಪ್ಪವಿದ್ದರೆ ಗುಂಡಿನ ನಡುಗೆರೆ ಕತ್ತಿನ ಹೊರಮೈಯ ನಡುಗೆರೆಯಿಂದ 0.001 ಇಂಚು ಸರಿದು ಕೂರುತ್ತದೆ. ಗುಂಡನ್ನು ಕತ್ತು ಹಿಡಿಯುವ ಬಿಗಿಯೂ ಸುತ್ತ ಒಂದೇ ಇರುವುದಿಲ್ಲ. ಮೇಲಾಗಿ, ಕತ್ತನ್ನು ಮತ್ತೆ ಕುಗ್ಗಿಸುವ ಬುಶ್ ಡೈ ಹಿಡಿಯುವುದು ಹೊರಮೈಯನ್ನು. ಹೊರಗೆ ಉರುಟು ಮಾಡಿದಾಗ ಏರುಪೇರೆಲ್ಲ ಒಳಕ್ಕೆ, ಗುಂಡು ಕೂರುವ ಕಡೆಗೇ ಹೋಗುತ್ತದೆ.

ನಮ್ಮ ಮಿಸ್ತ್ರಿಗಳಿಗೆ ಇದರಲ್ಲಿ ಬಹಳ ಮುಖ್ಯವಾದದ್ದು ಮುಂದಿನ ಮಾತು. ‘ಲೇತಿನ ಚಕ್ಕಿಗೆ ಕಚ್ಚಿಸಿ’ ಎಂದು ಬರೆದಿದ್ದೀರಿ. ಇಲ್ಲಿನ ಕಪನೂರು ಕೈಗಾರಿಕಾ ಪ್ರದೇಶದ ಯಾವ ವರ್ಕ್‌ಶಾಪಿನಲ್ಲಿ ಕೇಳಿದರೂ ಮೊದಲು ಹೊಳೆಯುವುದು ಅದೇ: ಕೇಸಿನ ಹೊಟ್ಟೆಯನ್ನು ಚಕ್ಕಿಗೆ ಹಿಡಿಸಿ, ಡಯಲ್ ಗೇಜು ಇಟ್ಟು ತಿರುಗುವಾಗಿನ ಓಲಾಟ ನೋಡಿ, ಕತ್ತಿನ ಹೊರಮೈ ಮೇಲೆ ಒಂದು ಕಟ್ ಹೊಡೆಯುವುದು. ಕೆಲಸ ಫಳಫಳ ಹೊಳೆಯುತ್ತದೆ, ಗೇಜಿನ ಮುಳ್ಳು ಅಲುಗುವುದೇ ಇಲ್ಲ. ಆದರೂ ಗೋಡೆ ಏರುಪೇರಾಗಿಯೇ ಇರುತ್ತದೆ. ಯಾಕೆಂದರೆ ಹೊರಮೈ ಈಗ ಚಕ್ಕಿನ ನಡುಗೆರೆಗೆ ಸರಿಯಾಯಿತು, ಒಳಗಿನ ತೂತಿಗಲ್ಲ. ಕೇಸಿನ ಹೊಟ್ಟೆಯ ನಡುಗೆರೆ, ಕತ್ತಿನ ಒಳತೂತಿನ ನಡುಗೆರೆ ಎರಡೂ ಒಂದೇ ಎಂದು ಯಾರೂ ಬರೆದುಕೊಟ್ಟಿಲ್ಲ. ಪಂಪಿನ ಬುಶ್ ಮಾಡುವಾಗ ಮೊದಲು ಬೋರು (ಒಳತೂತು) ಮುಗಿಸಿ, ಆಮೇಲೆ ಅದರೊಳಗೆ ಕೂರುವ ಉರುಟು ಕಡ್ಡಿಯಾದ ಮ್ಯಾಂಡ್ರೆಲ್‌ಗೆ ಏರಿಸಿ ಹೊರಮೈ ತೆಗೆಯಿರಿ ಎಂದು ಹಳೆ ಉಸ್ತಾದರು ಹೇಳುತ್ತಿದ್ದುದು ಈ ಕಾರಣಕ್ಕೇ. ಒಂದೇ ಹಿಡಿತದಲ್ಲಿ ಎರಡನ್ನೂ ಮಾಡಲಾಗದಿದ್ದರೆ ಬೋರನ್ನೇ ಆಧಾರ ಮಾಡಿಕೊಳ್ಳಬೇಕು.

ನೆಕ್ ಟರ್ನಿಂಗ್ ಉಪಕರಣ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು, ಒಳಗಿನ ತತ್ವ ಇದೇ. ನಡುವೆ ಉರುಟಾದ ಮ್ಯಾಂಡ್ರೆಲ್, ಪಕ್ಕದಲ್ಲಿ ಒಂದು ಕಟರ್. ಕತ್ತು ಮ್ಯಾಂಡ್ರೆಲ್ ಮೇಲೆ ಕೂರುತ್ತದೆ. ಗೋಡೆಯ ದಪ್ಪವನ್ನು ನಿರ್ಧರಿಸುವುದು ಮ್ಯಾಂಡ್ರೆಲ್‌ಗೂ ಕಟರ್ ಅಂಚಿಗೂ ನಡುವಿನ ಸಂದು ಮಾತ್ರ. ಕೇಸನ್ನು ತಿರುಗಿಸುವ ಹೋಲ್ಡರ್ ಬರೀ ತಿರುಗಿಸಬೇಕು, ದಾರಿ ತೋರಿಸಬಾರದು. ಅದಕ್ಕೇ ಹೋಲ್ಡರ್ ತುಸು ಸಡಿಲ ಇರಬೇಕು, ಅಥವಾ ಉಪಕರಣವನ್ನು ಕೈಯಲ್ಲಿ ಹಗುರವಾಗಿ ಹಿಡಿದು ತನ್ನ ದಾರಿ ತಾನೇ ಹುಡುಕಿಕೊಳ್ಳಲು ಬಿಡಬೇಕು. ಗಟ್ಟಿ ಹಿಡಿದರೆ ಕೆಲಸ ಚೆನ್ನಾಗುತ್ತದೆ ಎಂದು ಕಲಿತ ಕೈಗೆ ಇದು ಒಗ್ಗುವುದು ಕಷ್ಟ. ಎರಡೂ ತುದಿ ಬಿಗಿಯಾಗಿ ಹಿಡಿದರೆ ಕತ್ತು ಮ್ಯಾಂಡ್ರೆಲ್‌ನ ಒಂದು ಬದಿಗೆ ಒತ್ತಿಕೊಂಡು, ಬಾಯಿಯ ಹತ್ತಿರ ಒಂದು ದಪ್ಪ, ಭುಜದ ಹತ್ತಿರ ಇನ್ನೊಂದು ದಪ್ಪ ಆಗುತ್ತದೆ.

ಮ್ಯಾಂಡ್ರೆಲ್ ಎಲ್ಲವನ್ನೂ ನಿರ್ಧರಿಸುತ್ತದೆ ಎಂದಮೇಲೆ ಅದರ ಮೇಲೆ ಕತ್ತು ಹೇಗೆ ಕೂರುತ್ತದೆ ಎಂಬುದೇ ಅರ್ಧ ಕೆಲಸ. ಟರ್ನ್ ಮಾಡುವ ಮುನ್ನ ಕತ್ತಿನೊಳಗೆ ಎಕ್ಸ್‌ಪ್ಯಾಂಡರ್ ತೂರಿಸಿ ಹಿಗ್ಗಿಸುತ್ತಾರೆ. ಅದು ಟರ್ನಿಂಗ್ ಮ್ಯಾಂಡ್ರೆಲ್‌ಗಿಂತ ಸುಮಾರು 0.001 ಇಂಚು ದೊಡ್ಡದು. ಹಿತ್ತಾಳೆ ಸ್ವಲ್ಪ ಹಿಂದಕ್ಕೆ ಮುದುಡುತ್ತದೆ. ಕೊನೆಗೆ ಉಳಿಯಬೇಕಾದ ಸಡಿಲು 0.0003ರಿಂದ 0.0005 ಇಂಚು, ಅಂದರೆ 8ರಿಂದ 13 ಮೈಕ್ರಾನ್. ಇದಕ್ಕಿಂತ ಸಡಿಲವಾದರೆ ಕತ್ತು ಅಲುಗಿ ಗೋಡೆ ಏರುಪೇರು. ಬಿಗಿಯಾದರೆ ಹಿತ್ತಾಳೆ ಮ್ಯಾಂಡ್ರೆಲ್‌ಗೆ ಅಂಟಿಕೊಂಡು ಗೀರು ಬೀಳುತ್ತದೆ, ಒಮ್ಮೊಮ್ಮೆ ಕೇಸೇ ಕಚ್ಚಿಕೊಂಡು ಕೂರುತ್ತದೆ. ಮ್ಯಾಂಡ್ರೆಲ್ ಮೇಲೆ ಹಳದಿ ಪಟ್ಟೆ ಕಂಡರೆ ಅಂಟಲು ಶುರುವಾಗಿದೆ ಎಂದರ್ಥ. ಅದನ್ನು ತಿಕ್ಕಿ ತೆಗೆಯದೆ ಮುಂದಿನ ಕೇಸು ಏರಿಸಬಾರದು. ಕತ್ತಿನ ಒಳಗೆ ಪ್ರತಿ ಸಲ ತೆಳ್ಳಗೆ ಎಣ್ಣೆ ಅಥವಾ ಸೈಜಿಂಗ್ ವ್ಯಾಕ್ಸ್ ಸವರಲೇಬೇಕು. ಕಾರ್ಬೈಡ್ ಮ್ಯಾಂಡ್ರೆಲ್‌ಗೆ ಹಿತ್ತಾಳೆ ಅಷ್ಟಾಗಿ ಅಂಟುವುದಿಲ್ಲ, ಬೆಲೆ ಜಾಸ್ತಿ.

ಉಳಿದ ತಯಾರಿಯಲ್ಲಿ ಉದ್ದವೇ ಮೊದಲು. ಬಹಳಷ್ಟು ಉಪಕರಣಗಳಲ್ಲಿ ಕೇಸಿನ ಬಾಯಿ ಒಂದು ಸ್ಟಾಪಿಗೆ ತಾಗಿದಾಗ ಕಟ್ ನಿಲ್ಲುತ್ತದೆ. ಕೇಸುಗಳ ಉದ್ದ ಒಂದೇ ಇಲ್ಲದಿದ್ದರೆ ಒಂದರಲ್ಲಿ ಕಟರ್ ಭುಜ ಮುಟ್ಟುವ ಮೊದಲೇ ನಿಲ್ಲುತ್ತದೆ, ಇನ್ನೊಂದರಲ್ಲಿ ಭುಜದೊಳಗೆ ನುಗ್ಗುತ್ತದೆ. ಆದ್ದರಿಂದ ಎಲ್ಲವನ್ನೂ ಒಂದೇ ಉದ್ದಕ್ಕೆ ಟ್ರಿಮ್ ಮಾಡಿ, ಬಾಯಿಯ ಒಳ ಹೊರ ಎರಡೂ ಬದಿಯ ಬರ್ (ಕತ್ತರಿಸಿದಾಗ ಏಳುವ ಚೂಪು ಅಂಚು) ತೆಗೆಯಬೇಕು. ಒಳಗಿನ ಬರ್ ಉಳಿದರೆ ಅದು ಮ್ಯಾಂಡ್ರೆಲ್‌ಗೆ ಗೀರು ಹಾಕುತ್ತದೆ. ಬೆಲೆ ಬಾಳುವ ಮ್ಯಾಂಡ್ರೆಲ್‌ಗಳು ಹಾಳಾಗುವುದು ಹೆಚ್ಚಾಗಿ ಹೀಗೇ.

ಕಟ್ ಒಂದೇ ಸಲಕ್ಕೆ ಮುಗಿಸುವ ಆಸೆ ಬೇಡ. ಗೋಡೆ 0.012 ಇಂಚಿನಿಂದ ಶುರುವಾಗುತ್ತದೆ ಎನ್ನಿ. ಮೊದಲ ಕಟ್‌ನಲ್ಲಿ 0.0095ಕ್ಕೆ ಇಳಿಸಿ, ಎಲ್ಲ ಕೇಸುಗಳನ್ನೂ ಅದೇ ಹೊಂದಿಕೆಯಲ್ಲಿ ಮುಗಿಸಿ, ಆಮೇಲೆ ಕಟರ್ ಸರಿಸಿ ಎರಡನೆಯ ಕಟ್‌ನಲ್ಲಿ 0.0085. ಕೊನೆಯ ಕಟ್ 0.001 ಇಂಚಿಗಿಂತ ಹೆಚ್ಚಿರದಿದ್ದರೆ ಒಳ್ಳೆಯದು. ಟೂಲಿನ ಮೇಲೆ ಒತ್ತಡ ಕಡಿಮೆ, ಬಾಗು ಕಡಿಮೆ, ಅಳತೆ ನಿಂತಲ್ಲೇ ನಿಲ್ಲುತ್ತದೆ. ವೇಗ ನಿಮಿಷಕ್ಕೆ ಸುಮಾರು 200 ಸುತ್ತು ಸಾಕು. ಅದು ಹಿತ್ತಾಳೆಗೆ ತೀರಾ ನಿಧಾನ ಎಂದು ಲೇತಿನವರಿಗೆ ಅನಿಸುವುದು ಸಹಜ, 6.6 ಮಿ.ಮೀ. ವ್ಯಾಸಕ್ಕೆ ಮಿನಿಟಿಗೆ ನಾಲ್ಕು ಮೀಟರ್ ಆಗುತ್ತದಷ್ಟೇ. ಆದರೆ ಇಲ್ಲಿ ವೇಗ ತಗ್ಗಿಸುವುದು ಟೂಲ್ ಉಳಿಸಲು ಅಲ್ಲ, ಬಿಸಿ ಏಳದಿರಲು. ಫೀಡೂ ನಿಧಾನವಾಗಿರಲಿ, ನಡುವೆ ನಿಲ್ಲಿಸದೆ ಒಂದೇ ಸಮ ಹೋಗಲಿ. ಅವಸರ ಮಾಡಿದರೆ ಕತ್ತಿನ ಮೇಲೆ ದಾರದಂಥ ಗೆರೆ ಬೀಳುತ್ತದೆ, ಮೈಕ್ರೋಮೀಟರ್ ಆ ಗೆರೆಗಳ ನೆತ್ತಿಯನ್ನು ಅಳೆದು ದಪ್ಪ ಸರಿಯಿದೆ ಎಂದು ಸುಳ್ಳು ಹೇಳುತ್ತದೆ. ಆ ನೆತ್ತಿಗಳು ಸವೆದ ಮೇಲೆ ನಿಜ ಗೊತ್ತಾಗುತ್ತದೆ. ಕಡೆಗೆ 0000 ನಂಬರಿನ ಸ್ಟೀಲ್ ವುಲ್ಲಿನಿಂದ ಎರಡು ಮೂರು ಸುತ್ತು ಸವರಿದರೆ ಸಾಕು. ಹೊಳಪಿಗಾಗಿ ತಿಕ್ಕುತ್ತ ಕೂತರೆ ಅದೂ ಲೋಹ ತಿನ್ನುತ್ತದೆ.

ಭುಜದ ಬುಡ ಈ ಕೆಲಸದಲ್ಲಿ ಬಹಳ ಜನ ಎಡವುವ ಜಾಗ. ಕಟರ್‌ನ ಕೋನ ಕೇಸಿನ ಭುಜದ ಇಳಿಜಾರಿಗೆ ಹೊಂದಬೇಕು. 6 ಪಿಪಿಸಿಯ ಭುಜ 30 ಡಿಗ್ರಿ, .308 ವಿಂಚೆಸ್ಟರ್‌ನದು 20. ಕಟ್ ಭುಜದ ಮೇಲೆ ಸಣ್ಣದೊಂದು ಗೆರೆ ಮೂಡುವಷ್ಟು ಏರಿ ನಿಲ್ಲಬೇಕು. ಅಷ್ಟು ಏರದೆ ಕತ್ತಿನ ತುದಿಯಲ್ಲೇ ನಿಂತರೆ ಅಲ್ಲೊಂದು ದಪ್ಪ ಉಂಗುರ ಉಳಿಯುತ್ತದೆ, ಶೂಟರ್‌ಗಳು ಅದಕ್ಕೆ ಡೋನಟ್ ಎನ್ನುತ್ತಾರೆ. ಸಣ್ಣ ಅಳತೆಯ ಕತ್ತನ್ನು ದೊಡ್ಡದಕ್ಕೆ ಹಿಗ್ಗಿಸಿದ ಕೇಸುಗಳಲ್ಲಿ ಇದು ಹೆಚ್ಚು, ಏಕೆಂದರೆ ಭುಜದಲ್ಲಿದ್ದ ದಪ್ಪ ಲೋಹವೇ ಈಗ ಕತ್ತಿನ ಬುಡವಾಗಿರುತ್ತದೆ. 6 ಪಿಪಿಸಿಯೂ ಹುಟ್ಟುವುದು .22 ಕತ್ತಿನ .220 ರಷ್ಯನ್ ಕೇಸನ್ನು 6 ಮಿ.ಮೀ.ಗೆ ಹಿಗ್ಗಿಸಿಯೇ ತಾನೆ. ಹೊರಗಿನಿಂದ ಕಾಣದ ಆ ಉಂಗುರ, ಕುಗ್ಗಿಸಿದಾಗ ಒಳಕ್ಕೆ ಉಬ್ಬುತ್ತದೆ. ಗುಂಡಿನ ಹಿಂಬದಿ ಅಲ್ಲಿಗೆ ತಲುಪಿದರೆ ಒಂದೊಂದು ತೋಟಾದ ಹಿಡಿತ ಒಂದೊಂದು ಥರ. ಹಾಗೆಂದು ಕಟರನ್ನು ಭುಜದೊಳಗೆ ಆಳಕ್ಕೆ ಬಿಟ್ಟರೆ ಅಲ್ಲಿ ಲೋಹ ತೆಳುವಾಗಿ, ಹಾರಿಸಿದಾಗ ಕತ್ತೇ ಕಳಚಿ ಚೇಂಬರಿನಲ್ಲಿ ಉಳಿಯಬಹುದು.

ಈಗ ಬಿಸಿಯ ವಿಚಾರ. ಬೇರೆ ದೇಶದ ಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತವೆ. ಏಪ್ರಿಲ್ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಕಲಬುರಗಿಯಲ್ಲಿ, ತಗಡಿನ ಶೆಡ್ಡಿನ ಕೆಳಗೆ ಕೂತು ಮೈಕ್ರಾನಿನ ಮಾತಾಡುವವರು ಹಾಗೆ ಮುಗಿಸುವಂತಿಲ್ಲ. ಅಳತೆಗೆ ಜಗತ್ತು ಒಪ್ಪಿದ ಉಷ್ಣತೆ 20 ಡಿಗ್ರಿ. ಹಿತ್ತಾಳೆ ಬಿಸಿಗೆ ಹಿಗ್ಗುತ್ತದೆ, ಅದಕ್ಕೇ ಗೋಡೆಯ ಅಳತೆ ತಪ್ಪುತ್ತದೆ ಎಂದು ಹೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಿ: ಹಿತ್ತಾಳೆ ಡಿಗ್ರಿಗೆ ಹತ್ತು ಲಕ್ಷದಲ್ಲಿ 19 ಪಾಲು ಹಿಗ್ಗುತ್ತದೆ. 0.216 ಮಿ.ಮೀ. ಗೋಡೆ 22 ಡಿಗ್ರಿ ಹೆಚ್ಚು ಬಿಸಿಗೆ ಹಿಗ್ಗುವುದು ಒಂದು ಮೈಕ್ರಾನಿನ ಹತ್ತರಲ್ಲಿ ಒಂದು ಪಾಲು. ಅದನ್ನು ಮರೆತುಬಿಡಿ. ತಪ್ಪು ಬರುವುದು ಉಪಕರಣದಿಂದ. ಅದರ ಮೈ ಅಲ್ಯುಮಿನಿಯಂ ಆಗಿದ್ದರೆ ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಪಾಲು; ಮ್ಯಾಂಡ್ರೆಲ್‌ಗೂ ಕಟರ್ ಬಿಗಿದ ಜಾಗಕ್ಕೂ ನಡುವೆ 15 ಮಿ.ಮೀ. ಅಲ್ಯುಮಿನಿಯಂ ಇದ್ದು ಕೈಯ ಬಿಸಿ, ಕಟ್‌ನ ಬಿಸಿ ಸೇರಿ 20 ಡಿಗ್ರಿ ಏರಿತೆಂದರೆ ಸುಮಾರು 7 ಮೈಕ್ರಾನ್ ಸರಿಯಿತು. ನಮಗೆ ಬೇಕಾದ ಟಾಲರೆನ್ಸ್ (ಅಳತೆಯಲ್ಲಿ ಬಿಡಬಹುದಾದ ವ್ಯತ್ಯಾಸ) 0.0001 ಇಂಚು, ಅಂದರೆ ಎರಡೂವರೆ ಮೈಕ್ರಾನ್! ಸ್ಟೀಲ್ ಮ್ಯಾಂಡ್ರೆಲ್ ಕೂಡ 30 ಡಿಗ್ರಿ ಏರಿದರೆ ವ್ಯಾಸದಲ್ಲಿ 2 ಮೈಕ್ರಾನ್ ಉಬ್ಬುತ್ತದೆ, ಕತ್ತಿಗೆ ಇಟ್ಟ ಸಡಿಲಿನಲ್ಲಿ ಅಷ್ಟು ಹೋಯಿತು. ಬೆಳಿಗ್ಗೆ ಸರಿಯಾಗಿ ಬಂದ ಕಟ್ ಹತ್ತಿಪ್ಪತ್ತು ಕೇಸಿನ ನಂತರ ಸರಿದುಹೋಗುವುದು ಹೀಗೆ. ಸೆಟ್ಟಿಂಗ್ ಸ್ಕ್ರೂ ಸಡಿಲವಾಗಿದೆ ಎಂದು ಜನ ಅದನ್ನೇ ತಿರುವುತ್ತ ಕೂರುತ್ತಾರೆ. ಸ್ಕ್ರೂ ಮುಟ್ಟಬೇಡಿ. ಉಪಕರಣ ಕೆಳಗಿಡಿ, ಆರಲಿ. ಎರಡು ಉಪಕರಣ ಇದ್ದವರು ಒಂದು ಆರುವಷ್ಟರಲ್ಲಿ ಇನ್ನೊಂದನ್ನು ಬಳಸುತ್ತಾರೆ. ಉಳಿದವರು ಪ್ರತಿ ಕೇಸಿನ ನಂತರ ಮ್ಯಾಂಡ್ರೆಲ್ ಒರೆಸಿ, ಎಣ್ಣೆ ಹಾಕಿ, ಕೈಗೆ ಬೆಚ್ಚಗೆ ತಾಗಿದರೆ ನಿಲ್ಲಿಸುವುದೇ ದಾರಿ.

ಅಳೆಯುವುದರಲ್ಲಿ ನಮ್ಮ ಕಡೆ ಇನ್ನೂ ದೊಡ್ಡ ತೊಡಕಿದೆ. ವರ್ಕ್‌ಶಾಪುಗಳಲ್ಲಿ ಕೈಗೆ ಸಿಗುವುದು ವರ್ನಿಯರ್. ಅದರ ಕನಿಷ್ಠ ಓದು 0.02 ಮಿ.ಮೀ., ಅಂದರೆ ಗೋಡೆಯ ಸುಮಾರು ಹತ್ತನೇ ಒಂದು ಪಾಲು. ಸಾಲದ್ದಕ್ಕೆ ವರ್ನಿಯರಿನ ಜಾ ಚಪ್ಪಟೆ, ಕತ್ತಿನ ಒಳಮೈ ಬಾಗು. ಚಪ್ಪಟೆ ಅಂಚು ಬಾಗಿದ ಮೈಗೆ ಎರಡು ಮೂಲೆಯಲ್ಲಿ ತಾಗಿ ನಡುವೆ ಸಂದು ಬಿಡುತ್ತದೆ. 6.17 ಮಿ.ಮೀ. ತೂತಿನಲ್ಲಿ 1 ಮಿ.ಮೀ. ಅಗಲದ ಅಂಚು ಇಟ್ಟರೆ ಆ ಸಂದು 0.04 ಮಿ.ಮೀ., ಗೋಡೆ ಅಷ್ಟು ಹೆಚ್ಚು ದಪ್ಪವೆಂದು ತೋರುತ್ತದೆ. ಸಾಮಾನ್ಯ ಔಟ್‌ಸೈಡ್ ಮೈಕ್ರೋಮೀಟರಿನ ಆನ್ವಿಲ್ (ತುಂಡಿಗೆ ತಾಗುವ ಸ್ಥಿರ ತುದಿ) ವ್ಯಾಸವೇ ಆರು ಮಿ.ಮೀ.ಗಿಂತ ಹೆಚ್ಚು, ಅದು ಕತ್ತಿನೊಳಗೆ ಹೋಗುವುದೇ ಕಷ್ಟ. ಇದಕ್ಕೆ ಬೇಕಾದದ್ದು ಬಾಲ್ ಆನ್ವಿಲ್ ಇರುವ ಟ್ಯೂಬ್ ಮೈಕ್ರೋಮೀಟರ್, ಓದು 0.001 ಮಿ.ಮೀ. ಅಥವಾ 0.0001 ಇಂಚಿಗೆ ಸಿಗಬೇಕು. ರ್‍ಯಾಚೆಟ್ ಬಿಟ್ಟು ಬೆರಳಿನ ಬಲದಲ್ಲಿ ಬಿಗಿದರೆ ತೆಳು ಹಿತ್ತಾಳೆ ಒತ್ತಿಕೊಂಡು ಓದು ಸಣ್ಣದು ಬರುತ್ತದೆ. ಬಾಯಿಯ ಹತ್ತಿರ ನಾಲ್ಕು ದಿಕ್ಕಿನಲ್ಲಿ, ಭುಜದ ಹತ್ತಿರ ನಾಲ್ಕು ದಿಕ್ಕಿನಲ್ಲಿ ಅಳೆಯಬೇಕು. ಒಂದೇ ಜಾಗದ ಓದನ್ನು ನಂಬಿ ಬರೆದುಕೊಂಡರೆ ಅಳೆದೂ ಪ್ರಯೋಜನವಿಲ್ಲ.

ಈ ಅಳತೆ ಟರ್ನ್ ಮಾಡಿದ ಮೇಲಷ್ಟೇ ಅಲ್ಲ, ಮಾಡುವ ಮೊದಲೂ ಬೇಕು. ಕಚ್ಚಾ ಕೇಸಿನ ಕತ್ತಿನಲ್ಲಿ ದಪ್ಪ ತೆಳುವಿನ ವ್ಯತ್ಯಾಸ 0.0015 ಇಂಚು ದಾಟಿದರೆ ಎಚ್ಚರದ ಶೂಟರ್‌ಗಳು ಅದನ್ನು ಬದಿಗಿಡುತ್ತಾರೆ. ಕತ್ತು ಒಂದು ಬದಿ ದಪ್ಪವಿದ್ದರೆ ಕೇಸಿನ ಹೊಟ್ಟೆಯೂ ಅದೇ ಬದಿ ದಪ್ಪವಿರುವ ಸಂಭವ ಹೆಚ್ಚು. ಹಾರಿಸಿದಾಗ ತೆಳು ಬದಿ ಹೆಚ್ಚು ಎಳೆದುಕೊಂಡು ಕೇಸು ತುಸು ಬಾಗುತ್ತದೆ. ಕತ್ತನ್ನು ಎಷ್ಟು ಚೆನ್ನಾಗಿ ಟರ್ನ್ ಮಾಡಿದರೂ ಹೊಟ್ಟೆಯ ಆ ದೋಷ ಹೋಗುವುದಿಲ್ಲ. ನಿಮ್ಮ ಬರಹ ಓದಿದವರಿಗೆ ಟರ್ನ್ ಮಾಡಿದರೆ ಕೆಟ್ಟ ಕೇಸೂ ಒಳ್ಳೆಯದಾಗುತ್ತದೆ ಎಂಬ ಭಾವನೆ ಬಂದಿದ್ದರೆ ಅದನ್ನೂ ಬಿಡಲಿ.

ಅಪಾಯದ ಮಾತನ್ನು ಬರಹ ಪೂರ್ತಿ ಬಿಟ್ಟಿತ್ತು. ಬಿಗಿ ಚೇಂಬರಿನಲ್ಲಿ ಟರ್ನ್ ಮಾಡದ ಒಂದೇ ಒಂದು ಕೇಸು ಸೇರಿಕೊಂಡರೂ ಕತ್ತು ಹಿಗ್ಗಲು ಜಾಗವಿಲ್ಲದೆ ಗುಂಡನ್ನು ಬಿಡುವುದಿಲ್ಲ. ಚೇಂಬರಿನ ಒತ್ತಡ ಎಲ್ಲೆ ಮೀರಿ ಏರುತ್ತದೆ. ಹಾಗಾಗಿಯೇ ಇಂಥ ಬ್ಯಾರಲ್‌ಗಳ ಮೇಲೆ ಚೇಂಬರಿನ ಕತ್ತಿನ ಅಳತೆಯನ್ನು ಕೊರೆಯುವ ರೂಢಿ. ಗೋಡೆಯನ್ನು ಅಳೆದು ಎರಡರಿಂದ ಗುಣಿಸಿ ಕೂಡಿಸಿದ ಲೆಕ್ಕ ಕಾಗದದ ಮೇಲೆ ಸರಿಯಿರಬಹುದು, ಆದರೂ ಗುಂಡು ಕೂರಿಸಿದ ಮೇಲೆ ಕತ್ತಿನ ಹೊರವ್ಯಾಸವನ್ನು ಮೈಕ್ರೋಮೀಟರಿನಲ್ಲಿ ನೇರವಾಗಿ ನೋಡಲೇಬೇಕು. ಬೇರೆ ರೈಫಲ್ಲಿನ ಕೇಸುಗಳೊಂದಿಗೆ ಒಂದೇ ಡಬ್ಬಿಯಲ್ಲಿ ಇಡುವುದು ಯಾವ ಕಾರಣಕ್ಕೂ ಬೇಡ.

ಇದನ್ನೆಲ್ಲ ಓದಿ ಯಾವ ಹುಡುಗನೂ ತೋಟಾದ ಕೇಸು ಹುಡುಕಿಕೊಂಡು ಹೋಗಬಾರದು. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಮದ್ದುಗುಂಡಿನ ಬಿಡಿಭಾಗಗಳು, ಅದನ್ನು ತಯಾರಿಸುವ ಯಂತ್ರಗಳೂ ಮದ್ದುಗುಂಡಿನ ವ್ಯಾಖ್ಯೆಯೊಳಗೇ ಬರುತ್ತವೆ. ಲೈಸೆನ್ಸಿನ ನಿಯಮಗಳು 2016ರ ಶಸ್ತ್ರಾಸ್ತ್ರ ನಿಯಮಾವಳಿಯಲ್ಲಿವೆ. ‘ಖಾಲಿ ಹಿತ್ತಾಳೆ ತಾನೆ’ ಎಂದು ಗುಜರಿಯಿಂದ ತಂದು ಲೇತಿಗೆ ಹಾಕಿದರೆ ಪೊಲೀಸರಿಗೆ ಉತ್ತರ ಹೇಳಬೇಕಾದೀತು. ಆಟ ಆಡುವ ಲೈಸೆನ್ಸುದಾರರ ದಾರಿ ಬೇರೆ.

ಕೈಗೆ ಪಾಠ ಬೇಕಾದವರಿಗೆ ಕೇಸಿನ ಹಂಗೇ ಇಲ್ಲ. ಐಟಿಐಗಳಲ್ಲಿ, ಇಲ್ಲಿನ ಜಿಟಿಟಿಸಿಯಲ್ಲಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) ಟರ್ನರ್, ಮೆಷಿನಿಸ್ಟ್ ಕಲಿಯುವ ಹುಡುಗರಿಗೆ ಕೊಡಬಹುದಾದ ಒಂದು ಜಾಬ್ ಹೇಳುತ್ತೇವೆ. 12 ಮಿ.ಮೀ. ಹಿತ್ತಾಳೆ ರಾಡಿನಲ್ಲಿ 20 ಮಿ.ಮೀ. ಉದ್ದದ ತುಂಡು, 5.8 ಮಿ.ಮೀ. ಡ್ರಿಲ್ ಹಾಕಿ 6 ಮಿ.ಮೀ. H7 ರೀಮರ್. ತೂತು 6.000ದಿಂದ 6.012ರೊಳಗೆ ಬರಬೇಕು. 6 ಮಿ.ಮೀ. h6 (ಸಣ್ಣಕ್ಷರದ ಎಚ್) ಗ್ರೌಂಡ್ ಪಿನ್ನನ್ನೇ ಮ್ಯಾಂಡ್ರೆಲ್ ಮಾಡಿ, ಅದು 5.992ರಿಂದ 6.000 ಇರುತ್ತದೆ. ಮೊದಲ ತುಂಡನ್ನು ಚಕ್ಕಿಗೆ ಹಿಡಿಸಿ ಹೊರಮೈ 6.5ಕ್ಕೆ ಇಳಿಸಲಿ, ಎರಡನೆಯದನ್ನು ಮ್ಯಾಂಡ್ರೆಲ್ ಮೇಲೆ ಇಳಿಸಲಿ. ಎರಡರ ಗೋಡೆಯನ್ನೂ ಬಾಲ್ ಮೈಕ್ರೋಮೀಟರಿನಲ್ಲಿ ಎಂಟು ಜಾಗ ಅಳೆದು ಬರೆಯಲಿ. ಡ್ರಿಲ್ ವಾಲಿದಷ್ಟೂ ಮೊದಲ ತುಂಡಿನ ಏರುಪೇರು ಕಾಗದದ ಮೇಲೆ ಕಾಣುತ್ತದೆ. ಅಂಗಡಿಯಲ್ಲಿ ಸಿಗುವ ರಾಡು ಹೆಚ್ಚಾಗಿ ಸೀಸ ಬೆರೆಸಿದ ಹಿತ್ತಾಳೆ, ಚೂರು ಪುಡಿಪುಡಿಯಾಗಿ ಬೀಳುತ್ತದೆ, ಟೂಲಿಗೆ ರೇಕ್ (ಮೇಲ್ಮೈಯ ಓರೆ) ಬೇಕಿಲ್ಲ. 70–30 ಹಿತ್ತಾಳೆ ಹಾಗಲ್ಲ, ಮೆತ್ತಗೆ ಎಳೆಎಳೆಯಾಗಿ ಬರುತ್ತದೆ. ಅದಕ್ಕೆ ಹರಿತವಾದ ಅಂಚು, ತುಸು ಪಾಸಿಟಿವ್ ರೇಕ್, ಎಣ್ಣೆ ಮೂರೂ ಬೇಕು. ಎರಡೂ ಬಗೆಯ ತುಂಡು ಸಿಕ್ಕರೆ ಎರಡನ್ನೂ ಮಾಡಿಸಿ. ಗೋಡೆ 0.25 ಮಿ.ಮೀ., ಏರುಪೇರು 0.005 ಮಿ.ಮೀ. ಒಳಗೆ ಬಂದರೆ ಪಾಸು.

ಇಂತಿ,
ಲೇತ್ ಮತ್ತು ಅಳತೆ ಕಲಿಸುವ ಬೋಧಕರು
ಕಲಬುರಗಿ